ಈರಣ್ಣನ ಹಲಗೆಯ ಮಳೆಗಾಲ

ಹೋದ ತಿಂಗಳು ಗೆಳತಿಯೊಬ್ಬಳ ಹೊಸ ಮನೆ ನೋಡಲೆಂದು ಖಾರಘರದಿಂದ ಡೊಂಬಿವಲಿಗೆ ಹೋಗಿದ್ದೆ. ಮಳೆ ಆಗತಾನೇ ನಿಂತಿತ್ತು. ಸ್ಟೇಷನ್ನಿನಿಂದ ಹೊರಟ ರಿಕ್ಷಾ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಗೆ ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಕೊಳೆತ ಈರುಳ್ಳಿಯದೂ ಅಲ್ಲ, ಸುಟ್ಟ ರಬ್ಬರಿನದೂ ಅಲ್ಲ. ನಾಲಿಗೆಯ ಹಿಂಭಾಗದಲ್ಲಿ ಕೂತು ಸಂಜೆಯವರೆಗೂ ಏಳದ ವಾಸನೆ. ಮಳೆ ಬಿದ್ದ ದಿನ ಅಲ್ಲಿನ ಕಾರ್ಖಾನೆಗಳ ಹೊಗೆ ಮೇಲೆ ಹೋಗದೆ ರಸ್ತೆಯ ಮೇಲೇ ಮಲಗುತ್ತದೆ. ಗೆಳತಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, ಮನೆ ನೋಡಿದಾಗ ಬೇಸಿಗೆಯಾಗಿತ್ತು ಕಣೇ, ಇದೊಂದು ಗೊತ್ತಾಗಲಿಲ್ಲ ಎಂದಳು. ನನಗೆ ಹಲಗೆ ಬಾರಿಸುವ ಈರಣ್ಣನ ನೆನಪಾಗಿತ್ತು.

ಅವನ ಕಥೆ ನಡೆದು ಕೆಲವು ವರ್ಷಗಳಾದವು. ಆಗ ನಾವು ನೆರೂಳಿನಲ್ಲಿದ್ದೆವು. ನನ್ನ ಗಂಡ ರಘುವಿನ ಬ್ಯಾಂಕು ಅಲ್ಲೇ ಹತ್ತಿರ. ನಾನು ಮಾತ್ರ ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಬರಬೇಕಿತ್ತು. ಬೆಳಗಿನ ಹೊತ್ತು ಲೋಕವೆಲ್ಲ ಮುಂಬಯಿಯ ಕಡೆಗೆ ನುಗ್ಗುವಾಗ ನಾನು ಎದುರು ದಿಕ್ಕಿನ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಹೋಗುವವಳು; ಅದೊಂದು ಸುಖವಿತ್ತು. ಎಂಐಡಿಸಿಯ ವಸತಿ ಭಾಗದಲ್ಲಿ ಹಳೆಯ ಬಂಗಲೆಯೊಂದರ ನೆಲಮಹಡಿಯನ್ನು ಹಿಡಿದು ನಾನೂ ನಿತಿನ್ನೂ ಸೇರಿ ಒಂದು ಸಣ್ಣ ಸ್ಟುಡಿಯೋ ನಡೆಸುತ್ತಿದ್ದೆವು. ನಿತಿನ್ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು, ಮನೆಮಾತು ಮರಾಠಿ. ಗಿರಾಕಿಗಳನ್ನು ತರುವುದು, ಅವರ ಜೊತೆ ಮಾತಾಡುವುದು, ಮೈಕ್ ಇಟ್ಟು ಸದ್ದನ್ನು ಹಿಡಿಯುವುದು ಅವನ ಪಾಲು. ಹಿಡಿದದ್ದನ್ನು ತಿದ್ದಿ, ತೀಡಿ, ಒಂದರ ಜೊತೆ ಒಂದನ್ನು ಹದವಾಗಿ ಬೆರೆಸುವುದು ನನ್ನದು. ಮೈಸೂರಿನಲ್ಲಿ ಯಾರಾದರೂ ಕೇಳಿದರೆ ನನ್ನಮ್ಮ ‘ಮಗಳು ಸೌಂಡ್ ಇಂಜಿನಿಯರ್’ ಅಂದು, ಹಾಗಂದರೇನು ಎಂಬ ಮುಂದಿನ ಪ್ರಶ್ನೆ ಬರುವ ಮೊದಲೇ ಕಾಫಿ ತರಲು ಒಳಗೆ ಹೋಗಿಬಿಡುತ್ತಿದ್ದಳು.

ಆ ವರ್ಷ ಮಳೆ ಹಿಡಿಯುವ ಮುಂಚೆ ನಮಗೊಂದು ದೊಡ್ಡ ಕೆಲಸ ಸಿಕ್ಕಿತು. ಅಂಧೇರಿಯ ವಿಕ್ರಾಂತ್ ಎಂಬ ನಿರ್ದೇಶಕ ಸಮುದ್ರದ ಹಿನ್ನೀರಿನ ಖಾಡಿಯ ದಂಡೆಯ ಕೊಲೆಗಡುಕರ ಮೇಲೆ ವೆಬ್ ಸೀರೀಸ್ ಮಾಡುತ್ತಿದ್ದ. ಅದರ ಹಿನ್ನೆಲೆಗೆ ಬರೀ ಚರ್ಮವಾದ್ಯ ಬೇಕು, ಆದರೆ ಎಲ್ಲರೂ ಬಳಸಿ ಸವೆದುಹೋದ ಢೋಲ್-ತಾಶಾ ಬೇಡ ಎಂಬುದು ಅವನ ಷರತ್ತು. ಹಿಂದಿನ ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನಾನೊಂದು ಹಲಗೆ ಕೇಳಿದ್ದೆ. ಭಾಷಣಗಳೆಲ್ಲ ಮುಗಿದು ಜನ ಊಟದ ಸಾಲಿನಲ್ಲಿ ನಿಂತಿದ್ದಾಗ ವೇದಿಕೆಯ ಕೆಳಗೆ ಒಬ್ಬಾತ ಬಾರಿಸುತ್ತಿದ್ದ. ತಟ್ಟೆ ಹಿಡಿದವರು ತಟ್ಟೆ ಹಿಡಿದಲ್ಲೇ ನಿಂತಿದ್ದರು. ಅವನನ್ನು ಹುಡುಕುವುದು ಹೇಗೆಂದು ಯೋಚಿಸುತ್ತಿದ್ದಾಗ ಉತ್ತರ ನಮ್ಮ ತಲೆಯ ಮೇಲೇ ಸಿಕ್ಕಿತು. ಬಂಗಲೆಯ ಮೇಲ್ಮಹಡಿಯಲ್ಲಿ ಮಾಲೀಕರ ಮನೆಗೆ ಅಡುಗೆ ಮಾಡಲು ಬರುತ್ತಿದ್ದ ನೀಲವ್ವ ಆತನ ಹೆಂಡತಿ.

ಈರಣ್ಣನಿಗೆ ಆಗ ನಲವತ್ತೈದರ ಆಸುಪಾಸು. ಕಲಬುರಗಿ ಜಿಲ್ಲೆಯವನು, ಶಹಾಬಾದಿನ ಕಡೆ ಒಂದು ಹಳ್ಳಿ. ಹತ್ತಿರದ ಬಣ್ಣದ ಕಾರ್ಖಾನೆಯಲ್ಲಿ ಪುಡಿ ತುಂಬಿದ ಚೀಲಗಳನ್ನು ಲಾರಿಗೆ ಹೇರುವುದು, ಇಳಿಸುವುದು ಅವನ ಕೆಲಸ. ಕಂಟ್ರಾಕ್ಟರನ ಆಳು, ಕಂಪನಿಯ ಆಳಲ್ಲ. ಯಾವ ಬಣ್ಣದ ಲೋಡು ಬಂದಿತ್ತೆಂದು ಅವನ ಕಿವಿಯ ಹಿಂಭಾಗ ನೋಡಿ ಹೇಳಬಹುದಿತ್ತು. ಎಷ್ಟು ತಿಕ್ಕಿದರೂ ಅಲ್ಲಿ ಒಂದಿಷ್ಟು ನೀಲಿಯೋ ಕೆಂಪೋ ಉಳಿದಿರುತ್ತಿತ್ತು. ಕಾರ್ಖಾನೆಯ ಹಿಂದಿನ ಸಾಲುಕೋಣೆಗಳ ಚಾಳಿನಲ್ಲಿ ಮನೆ. ಒಬ್ಬಳೇ ಮಗಳು ಪೂಜಾ ಕಲ್ಯಾಣದಲ್ಲಿ ಬಿ.ಕಾಂ. ಓದುತ್ತಿದ್ದಳು. ಅಪ್ಪ ಅಮ್ಮ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಹಿಂದಿಯಲ್ಲೇ. ಅದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಮೊದಲ ಭಾನುವಾರ ಈರಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಲಗೆಯನ್ನು ಎದೆಗವಚಿಕೊಂಡು ಬಂದ. ತಾನು ತೊಯ್ದಿದ್ದ, ಹಲಗೆ ತೊಯ್ದಿರಲಿಲ್ಲ. ಆದರೂ ತಂಪಿಗೆ ಚರ್ಮ ಸಡಿಲಾಗಿತ್ತು. ಕಾಯಿಸಬೇಕು, ಹಳೆ ಪೇಪರು ಬೆಂಕಿಪೊಟ್ಟಣ ಕೊಡಿ ಎಂದಾಗ ನಿತಿನ್ ಬೆವೆತುಹೋದ. ನಮ್ಮ ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು ಹೊದಿಸಿತ್ತು. ಒಂದು ಕಿಡಿ ಸಾಕಿತ್ತು. ಕೊನೆಗೆ ನಿತಿನ್‌ನ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತರಿಸಿದೆವು. ಈರಣ್ಣ ಅದರ ಬಿಸಿಗಾಳಿಯ ಮುಂದೆ ಹಲಗೆಯನ್ನು ಮಗುವಿನ ತಲೆಯಂತೆ ಅತ್ತಿತ್ತ ಹೊರಳಿಸುತ್ತ, ಬೆರಳಿನಿಂದ ತಟ್ಟಿ ನೋಡುತ್ತ, ಒಳಗೊಳಗೇ ನಗುತ್ತ ಕೂತ. ಊರಲ್ಲಿ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ ಎಂದ.

ಬಾರಿಸಲು ನಿಂತಾಗ ಮಾತ್ರ ನಗು ಇರಲಿಲ್ಲ. ಬಲಗೈಯಲ್ಲಿ ಮೊಂಡು ಕೋಲು, ಎಡಗೈಯಲ್ಲಿ ಬಳುಕುವ ತೆಳುಕಡ್ಡಿ. ತೆಳುಕಡ್ಡಿ ಮಾತಾಡಿಸುತ್ತಲೇ ಇರುತ್ತದೆ, ಮೊಂಡು ಕೋಲು ಬೇಕೆಂದಾಗಷ್ಟೇ ಬಂದು ಬೀಳುತ್ತದೆ. ಹೆಗಲ ಮೇಲೆ ಚೀಲ ಹೊತ್ತು ಗಟ್ಟಿಯಾದ ಆ ತೋಳು ಎಷ್ಟು ಹಗುರಾಗಿ ಇಳಿಯುತ್ತಿತ್ತೆಂದರೆ, ಏಟು ಬಿದ್ದ ಮೇಲೇ ಕೈ ಇಳಿದದ್ದು ಗೊತ್ತಾಗುತ್ತಿತ್ತು. ಗಾಜಿನ ಗೋಡೆಯ ಈಚೆ ಕೂತ ನಾನು ಅವತ್ತು ಸದ್ದನ್ನು ಏರಿಸಿ ಇಳಿಸುವ ಒಂದೇ ಒಂದು ತಿರುಗಣೆಯನ್ನೂ ಮುಟ್ಟಲಿಲ್ಲ.

ಜೂನ್ ತಿಂಗಳ ಭಾನುವಾರಗಳು ಹೀಗೆ ಹೋದವು. ಜುಲೈಯಲ್ಲಿ ಮಳೆ ಒಂದೇ ಸಮನೆ ಹಿಡಿದು ಹಳಿಗಳ ಮೇಲೆ ನೀರು ನಿಂತು, ನಾನು ಎಷ್ಟೋ ದಿನ ಠಾಣೆಯವರೆಗೆ ಬಂದು ಮನೆಗೆ ವಾಪಸಾದೆ. ಉಳಿದ ದಿನ ಸ್ಟುಡಿಯೋದಲ್ಲಿ ಕೂತು ಈರಣ್ಣನ ಹಲಗೆಯ ಧ್ವನಿಯನ್ನು ಸ್ವಚ್ಛಗೊಳಿಸಿದೆ. ಮೈಕಿಗೆ ಮರ್ಯಾದೆಯಿಲ್ಲ; ಹಲಗೆಯ ಜೊತೆ ಅಂಗಿಯ ಸರಬರ, ಮೇಲ್ಮಹಡಿಯ ಮಿಕ್ಸರು, ಬಾರಿಸುವವನ ಉಸಿರು ಎಲ್ಲವನ್ನೂ ಹಿಡಿದಿಡುತ್ತದೆ. ಒಂದು ಏಟು ಮುಗಿದು ಇನ್ನೊಂದು ಬೀಳುವ ನಡುವೆ ಇರುವ ಇಂಥದ್ದನ್ನೆಲ್ಲ ಕತ್ತರಿಸುವುದು ನನ್ನ ದಿನನಿತ್ಯದ ಕೆಲಸ. ಯಾರದೇ ಆದರೂ ಕತ್ತರಿಸುತ್ತೇನೆ, ಈರಣ್ಣನದನ್ನೂ ಕತ್ತರಿಸಿದೆ. ಕಳಿಸಿದ ಎರಡೇ ದಿನಕ್ಕೆ ವಿಕ್ರಾಂತ್ ಫೋನ್ ಮಾಡಿದ. ಇದು ಮದುವೆ ಮನೆಯ ವಾದ್ಯದ ಹಾಗಿದೆ, ಸ್ನಾನ ಮಾಡಿ ಪೌಡರ್ ಹಾಕಿಕೊಂಡು ಬಂದಿದೆ, ನನಗೆ ಮೂಳೆ ಮುರಿಯುವ ಸದ್ದು ಬೇಕು ಎಂದ. ಹೊಲಸು ಮಾಡಿ ಎಂಬುದೇ ಅವನು ಬಳಸಿದ ಮಾತು.

ಹೊಲಸು ಮಾಡಲು ನಮ್ಮಲ್ಲಿ ದಾರಿಗಳಿವೆ. ಹಲಗೆಯ ಒಂದು ಏಟು ಕಿವಿಗೆ ಒಂದೇ ಸದ್ದು. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಎರಡು ಭಾಗ. ಕೋಲು ಚರ್ಮಕ್ಕೆ ತಾಗಿದ ಕ್ಷಣ ನೆಟ್ಟಗೆ ಎದ್ದು ನಿಲ್ಲುವ ಮೊನೆಗೆ ಅಟ್ಯಾಕ್ ಅನ್ನುತ್ತೇವೆ. ಅದರ ಹಿಂದೆ ಸಣ್ಣದಾಗುತ್ತ ಎಳೆದುಕೊಂಡು ಹೋಗುವ ಬಾಲಕ್ಕೆ ಸಸ್ಟೇನ್ ಅನ್ನುತ್ತೇವೆ. ಟ್ರಾನ್ಸಿಯೆಂಟ್ ಶೇಪರ್ ಎಂಬ ಸಾಧನದಲ್ಲಿ ಇವೆರಡಕ್ಕೂ ಬೇರೆ ಬೇರೆ ತಿರುಗಣೆಗಳಿರುತ್ತವೆ. ಮೊನೆಯನ್ನು ಏರಿಸಿದರೆ ಏಟು ಎದೆಗೇ ಬಂದು ಬಡಿಯುತ್ತದೆ, ಇಳಿಸಿದರೆ ಹಾಸಿಗೆಯ ಮೇಲೆ ಹೊಡೆದಂತೆ ಮೆತ್ತಗಾಗುತ್ತದೆ. ಬಾಲವನ್ನು ಇಳಿಸಿದರೆ ಸದ್ದು ಥಟ್ಟನೆ ನಿಲ್ಲುತ್ತದೆ, ಏರಿಸಿದರೆ ಕೋಣೆಯ ಗೋಡೆಗಳೆಲ್ಲ ಜೊತೆಗೆ ಮಾತಾಡತೊಡಗುತ್ತವೆ. ಡಿಸ್ಟಾರ್ಷನ್ ಇನ್ನೂ ಒರಟು. ಸದ್ದನ್ನು ಅದರ ಅಳತೆ ಮೀರಿ ನೂಕಿ ನೆತ್ತಿ ಚಪ್ಪಟೆಯಾಗುವಂತೆ ಒತ್ತುವುದು. ದೊಡ್ಡ ಸದ್ದು ಮೇಲೇರಲು ಜಾಗವಿಲ್ಲದೆ ಹರಿದುಹೋಗುತ್ತದೆ. ಕೆಳಗೆಲ್ಲೋ ಇದ್ದ ಸಣ್ಣ ಸದ್ದು ಎದ್ದು ಅದರ ಸಮಕ್ಕೆ ಬಂದು ನಿಲ್ಲುತ್ತದೆ.

ಆಗಸ್ಟಿನಲ್ಲಿ ವಿಕ್ರಾಂತನಿಗಾಗಿ ಇನ್ನಷ್ಟು ಬಾರಿಸಲು ಈರಣ್ಣ ಮತ್ತೆ ಬಂದ. ಆ ಸಲ ನಡುನಡುವೆ ಕೂರುತ್ತಿದ್ದ. ಬಾಗಿಲ ಹತ್ತಿರದ ಮೂರು ಮೆಟ್ಟಿಲು ಹತ್ತಿ ಬಂದು ಒಂದು ಗಳಿಗೆ ಗೋಡೆಗೆ ಕೈಯಿಟ್ಟು ನಿಂತದ್ದನ್ನು ನಾನು ನೋಡಿದ್ದೆ. ಕೇಳಿದ್ದಕ್ಕೆ ಡಬಲ್ ಪಾಳಿ ಮಾಡಿ ಬಂದಿದ್ದೇನೆ ಎಂದ. ಬಾರಿಕೆಯಲ್ಲಿ ಮಾತ್ರ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮರುದಿನ ನಾನೊಬ್ಬಳೇ ಕೂತು ಜೂನಿನದನ್ನೂ ಆಗಸ್ಟಿನದನ್ನೂ ಪಕ್ಕಪಕ್ಕ ಇಟ್ಟು ಹೊಲಸು ಮಾಡಲು ಶುರುಮಾಡಿದೆ. ಕತ್ತರಿಸದ ಮೂಲ ಧ್ವನಿಯನ್ನೇ ತೆಗೆದುಕೊಂಡೆ. ಡಿಸ್ಟಾರ್ಷನ್ ಏರಿಸಿದೆ, ಮೊನೆ ಏರಿಸಿದೆ, ಬಾಲವನ್ನೂ ಏರಿಸಿದೆ. ಹಲಗೆ ನಿಜಕ್ಕೂ ಭೀಕರವಾಯಿತು. ಕಬ್ಬಿಣದ ಬಾಗಿಲು ಒದೆಯುತ್ತಿದ್ದಾರೆ ಅನ್ನುವಂತಿತ್ತು. ಅದರ ಜೊತೆಗೆ ಎರಡು ಏಟುಗಳ ನಡುವಿನಿಂದ ಉಸಿರು ಎದ್ದು ಬಂತು. ಜೂನಿನ ಉಸಿರು ಮೂಗಿನಲ್ಲಿ ಬಂದು ಮೂಗಿನಲ್ಲಿ ಹೋಗುತ್ತಿತ್ತು, ನಾಲ್ಕಾರು ಏಟಿಗೆ ಒಂದು ಸಲ. ಆಗಸ್ಟಿನದು ಬಾಯಿಂದ, ಪ್ರತಿ ಏಟಿನ ಹಿಂದೆಯೂ, ಹರಿದ ಬಟ್ಟೆಯನ್ನು ಎಳೆದ ಹಾಗೆ. ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ. ಡಿಸ್ಟಾರ್ಷನ್ ಇಲ್ಲದ್ದನ್ನೂ ಹುಟ್ಟಿಸುತ್ತದೆ, ಅದರದ್ದೇ ಇರಬೇಕು ಎಂದುಕೊಂಡೆ. ಎಲ್ಲ ತಿರುಗಣೆಗಳನ್ನೂ ಸೊನ್ನೆಗೆ ತಂದು, ಬರೀ ವಾಲ್ಯೂಮ್ ಹೆಚ್ಚಿಸಿ ಕೇಳಿದೆ. ಉಸಿರು ಅಲ್ಲೇ ಇತ್ತು, ಸಿಳ್ಳೆಯೂ ಇತ್ತು.

ಆ ಮಧ್ಯಾಹ್ನವೇ ವಿಕ್ರಾಂತ್ ಹೇಳದೆ ಕೇಳದೆ ಬಂದ. ಕಲ್ಯಾಣದ ಕಡೆ ಚಿತ್ರೀಕರಣವಿತ್ತಂತೆ, ಹಾಗೇ ಕಾರು ತಿರುಗಿಸಿದ್ದನಂತೆ. ನಿತಿನ್ ಖುಷಿಯಿಂದ ಅವನನ್ನು ಕೂರಿಸಿ, ಪರದೆಯ ಮೇಲೆ ತೆರೆದೇ ಇದ್ದುದನ್ನು ಹಾಕಿ ಕೇಳಿಸಿದ. ಆಗಸ್ಟಿನ ಭಾಗ ಬಂದಾಗ ವಿಕ್ರಾಂತ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಏಟಿನ ನಡುವೆ ಇದೇನು ಎಂದು ಕೇಳಿದ. ನಾನು ಹೇಳಿದೆ, ಬಾರಿಸುವವರ ಉಸಿರು, ಅವರಿಗೆ ಹುಷಾರಿಲ್ಲ ಅಂತ ಕಾಣುತ್ತದೆ, ಇದನ್ನು ತೆಗೆಯಬೇಕು. ಅವನು ತಲೆಯಾಡಿಸಿದ.

“ನಹೀ ನಹೀ, ಇಸೇ ರಖೋ,” ಎಂದ. “ಯಹೀ ತೋ ಚಾಹಿಯೇ ಥಾ.” ತೆಗೆಯಬೇಡಿ, ನನಗೆ ಬೇಕಿದ್ದದ್ದು ಇದೇ, ಕೊಲೆಗಾರ ಕತ್ತಲಲ್ಲಿ ಕಾಯುವ ದೃಶ್ಯಕ್ಕೆ ಹೇಳಿ ಮಾಡಿಸಿದಂತಿದೆ, ಇನ್ನೂ ಮೇಲೆ ಎಳೆಯಿರಿ ಎಂದ. ಹೊರಡುವಾಗ ನಿತಿನ್‌ನಿಂದ ಅದರ ಪ್ರತಿಯನ್ನು ತನ್ನ ಪೆನ್‌ಡ್ರೈವಿಗೆ ಹಾಕಿಸಿಕೊಂಡ. ಅದು ಅವನ ಕೆಲಸ, ಅವನ ಪ್ರತಿ. ಕೊಡುವುದಿಲ್ಲ ಅನ್ನಲು ನಮಗೆ ಯಾವ ನೆಪವೂ ಇರಲಿಲ್ಲ.

ಗಣಪತಿ ಕೂರಿಸಿದ ವಾರ ಈರಣ್ಣನನ್ನು ಕರೆಸಿದೆ. ನೀಲವ್ವನೂ ಬರಲಿ ಎಂದಿದ್ದೆ. ರಸ್ತೆಯಲ್ಲಿ ಢೋಲಿನ ಗದ್ದಲ. ಬಾಗಿಲು ಹಾಕಿದ ಮೇಲೆ ಒಳಗೆ ಹತ್ತಿಯಂಥ ಮೌನ. ನಾನು ವೈದ್ಯಳಲ್ಲ, ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಕೇಳಿಸುವುದೇ ಸರಿ ಅನ್ನಿಸಿತು. ಜೂನಿನದು ಹಾಕಿದೆ, ಈರಣ್ಣ ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದ. ಆಗಸ್ಟಿನದು ಹಾಕಿದೆ. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು.

“ಇದು ಯಾರ್ದರೀ ಅಕ್ಕಾರ?” ಎಂದ.

“ನಿಮ್ಮದೇ ಈರಣ್ಣ. ಮೊನ್ನೆ ಬಂದಾಗಿಂದು.”

ಅವನು ಇನ್ನೊಮ್ಮೆ ಹಾಕಲು ಕೈಸನ್ನೆ ಮಾಡಿದ. ಹಾಕಿದೆ. ಪೂರ್ತಿ ಮುಗಿಯುವವರೆಗೂ ನೆಲ ನೋಡುತ್ತ ಕೂತಿದ್ದ.

“ನಮ್ಮಪ್ಪನ ಉಸುರು ಹಿಂಗೇ ಇತ್ತರೀ,” ಎಂದ. “ಖಣ್ಯಾಗ ಫರ್ಸಿ ಕಲ್ಲು ಒಡದು ಒಡದು ಎದಿತುಂಬ ಧೂಳೇ ಆಗಿತ್ತು. ಮಲಗಾಕ ಬರ್ತಿರ್ಲಿಲ್ಲ, ಗ್ವಾಡಿಗಿ ಬೆನ್ ಹಚ್ಚಿ ಕುಂದರ್ತಿದ್ದ. ನಾ ಮಗ್ಗಲದಾಗ ಮಲ್ಕೊಂಡು ಕೇಳ್ತಿದ್ದೆ, ಎಲ್ಲಿ ನಿಂದರ್ತದೋ ಅಂತ. ಆ ಧೂಳು ಒಲ್ಲೆ ಅಂತೇ ನಾ ಊರು ಬಿಟ್ಟು ಬಂದಿದ್ದು.”

ನೀಲವ್ವ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. “ಇವ್ರೂ ಈಗ ಕುಂತೇ ಮಲಗ್ಲತ್ಯಾರರೀ,” ಎಂದಳು. “ನಾ ಹೇಳಿದ್ರ ಸೆಕಿ ಅಂತಾರ.”

ಡಾಕ್ಟರಿಗೆ ತೋರಿಸಬೇಕು ಎಂದೆ. ಗಣಪತಿ ಮುಗಿಯಲಿ, ಲೋಡು ಜಾಸ್ತಿ ಇದೆ, ಆಮೇಲೆ ಹೋಗುತ್ತೇನೆ ಎಂದು ಈರಣ್ಣ ಎದ್ದ. ಬಾಗಿಲ ಹತ್ತಿರ ನಿಂತು, ಈ ಉಸಿರನ್ನು ತೆಗೆದುಬಿಡಿ ಎಂದು ಹೇಳಿದ. “ಮಂದಿ ಹಲಗಿ ಕೇಳ್ಲಿ ಅಕ್ಕಾರ. ನನ್ನ ಪುಪ್ಪುಸ ಯಾಕ ಕೇಳ್ಬೇಕು.”

ನಾನು ತೆಗೆದೆ. ಅದಕ್ಕೆ ದಿನಗಳೇ ಹಿಡಿದವು, ಏಕೆಂದರೆ ಉಸಿರು ಈಗ ಏಟಿನ ಬಾಲದೊಳಗೇ ಹೊಕ್ಕಿತ್ತು. ಪ್ರತಿ ಬಾಲವನ್ನೂ ಕೈಯಾರೆ ಕತ್ತರಿಸಿ, ಬೇಕಿದ್ದ ಹೊಲಸು ಸದ್ದನ್ನು ಜೂನಿನ ಏಟುಗಳಿಂದ ಕಟ್ಟಿ, ವಿಕ್ರಾಂತನಿಗೆ ಕಳಿಸಿ, ಹೀಗೆ ಹೀಗೆ ಎಂದು ಕಾರಣವನ್ನೂ ಹೇಳಿದೆ. ಆ ಮನುಷ್ಯನ ರೋಗದ ಸದ್ದು ಅದು, ಅವರೇ ಬೇಡ ಎಂದಿದ್ದಾರೆ ಎಂದೆ. ವಿಕ್ರಾಂತ್ ಒರಟಾಗಿ ಏನೂ ಮಾತಾಡಲಿಲ್ಲ. ಪಾಪ, ಟೇಕ್ ಕೇರ್ ಮಾಡಿ, ಒಳ್ಳೆಯ ಡಾಕ್ಟರ್ ಬೇಕಿದ್ದರೆ ಹೇಳಿ ಎಂದ. ನೋಡೋಣ ಎಂದ. ನಿತಿನ್ ಮಾತ್ರ ಆ ಸಂಜೆ ನನ್ನ ಮೇಲೆ ರೇಗಿದ. ಗಿರಾಕಿಗೆ ಇಷ್ಟವಾದದ್ದನ್ನು ನೀನು ಕಿತ್ತುಕೊಂಡರೆ ನಾಳೆ ಯಾರು ಬರುತ್ತಾರೆ, ಕೇಳುವವರಿಗೆ ಅದು ಯಾರ ಉಸಿರು ಎಂದು ಗೊತ್ತಾಗುತ್ತದೆಯೇ ಎಂಬುದು ಅವನ ವಾದ. ಈರಣ್ಣನಿಗೆ ಗೊತ್ತಾಗುತ್ತದಲ್ಲ ಎಂದೆ. ನಿತಿನ್ ಕೆಟ್ಟವನಲ್ಲ, ಆ ಹೊತ್ತಿನಲ್ಲಿ ನಾವಿಬ್ಬರೂ ಬೇರೆ ಬೇರೆ ಸದ್ದು ಕೇಳುತ್ತಿದ್ದೆವು, ಅಷ್ಟೆ.

ದಸರಾ ಹತ್ತಿರ ಬಂದಾಗ ಕಾರ್ಖಾನೆಯ ಅಂಗಳದಲ್ಲೇ ಈರಣ್ಣ ಚೀಲದ ಸಮೇತ ಕುಸಿದು ಕೂತ. ಪೂಜಾಳಿಗೆ ಪರೀಕ್ಷೆ, ಕಲ್ಯಾಣದ ಆಸ್ಪತ್ರೆಗೆ ನೀಲವ್ವನ ಜೊತೆ ನಾನು ಹೋದೆ. ಕಾರಿಡಾರಿನಲ್ಲಿ ಮಳೆನೀರು ಒರೆಸಿದ ಒದ್ದೆ ನೆಲ, ಬೆಂಚಿನ ಮೇಲೆ ಜಾಗವಿಲ್ಲದೆ ಗೋಡೆಗೊರಗಿ ನಿಂತ ಜನ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ದಣಿದಿದ್ದಳು, ಆದರೂ ಅವಸರ ಮಾಡಲಿಲ್ಲ. ಎರಡೂ ಶ್ವಾಸಕೋಶಗಳಲ್ಲಿ ಗಾಯ ಮಾಗಿ ಗಟ್ಟಿಯಾಗಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು ಎಂದು ಮರಾಠಿಯಲ್ಲಿ ಹೇಳಿದಳು. ಯಾವ ಧೂಳಿನಲ್ಲಿ ಕೆಲಸ ಎಂದು ಕೇಳಿದಳು. ಈರಣ್ಣ ಬಣ್ಣದ ಪುಡಿಯ ವಿಷಯ ಹೇಳಿದ. ಆಮೇಲೆ ಸ್ವಲ್ಪ ತಡೆದು, ಹುಡುಗನಾಗಿದ್ದಾಗ ಅಪ್ಪನ ಜೊತೆ ಖಣಿಗೆ ಹೋಗುತ್ತಿದ್ದೆ, ಏಳೆಂಟು ವರ್ಷ ಕಲ್ಲು ಒಡೆದಿದ್ದೇನೆ ಎಂದೂ ಹೇಳಿದ. ಡಾಕ್ಟರಮ್ಮ ಎರಡನ್ನೂ ಬರೆದುಕೊಂಡಳು. ಇದರಲ್ಲಿ ಯಾವುದರಿಂದ ಆದದ್ದು ಎಂದು ನೀಲವ್ವ ಕೇಳಿದಾಗ, ಖಚಿತವಾಗಿ ಹೇಳಲು ಬರುವುದಿಲ್ಲ ಎಂದಳು.

ಕಂಟ್ರಾಕ್ಟರನಿಗೆ ಆಸ್ಪತ್ರೆಯ ಚೀಟಿಯಲ್ಲಿದ್ದ ಖಣಿಯ ಆ ಒಂದು ಮಾತು ಸಾಕಾಯಿತು. ಇದು ನಿಮ್ಮೂರಿನ ಕಲ್ಲಿನ ಧೂಳು, ನಮ್ಮದಲ್ಲ, ನಾವು ಮಾಸ್ಕ್ ಕೊಟ್ಟಿದ್ದೆವು ಎಂದ. ಖಣಿಯ ಮಾಲೀಕ ಸತ್ತು ಎಷ್ಟೋ ವರ್ಷಗಳಾಗಿದ್ದವು. ಖಣಿಯಲ್ಲಿ ನೀರು ತುಂಬಿ ಈಗ ಎಮ್ಮೆ ಮೈ ತೊಳೆಯುತ್ತಾರಂತೆ. ಈರಣ್ಣ ಯಾರ ಜೊತೆಯೂ ಜಗಳಕ್ಕೆ ನಿಲ್ಲಲಿಲ್ಲ. ಜಗಳಕ್ಕೂ ಉಸಿರು ಬೇಕು.

ದೀಪಾವಳಿಯ ನಂತರ ಅವನು ಕೆಲಸಕ್ಕೆ ಹೋಗಲಿಲ್ಲ. ನೀಲವ್ವ ಇನ್ನೆರಡು ಮನೆಗಳ ಅಡುಗೆ ಹಿಡಿದಳು, ಪೂಜಾ ಕಾಲೇಜಿನಿಂದ ಬಂದು ಮಕ್ಕಳಿಗೆ ಪಾಠ ಹೇಳತೊಡಗಿದಳು. ಕನ್ನಡ ಸಂಘದವರು ಸೇರಿ ಗಾಳಿಯಿಂದ ಆಮ್ಲಜನಕ ಹಿಡಿದು ಕೊಡುವ ಯಂತ್ರವೊಂದನ್ನು ತಂದುಕೊಟ್ಟರು. ಚಾಳಿನ ಆ ಒಂದು ಕೋಣೆಯಲ್ಲಿ ಅದು ಹಗಲಿಡೀ ಗುರುಗುಟ್ಟುತ್ತಿತ್ತು. ನಾನು ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆ. ಮೊಳೆಗೆ ನೇತುಹಾಕಿದ ಹಲಗೆಯನ್ನು ನೋಡಿ, ಈಗ ಬಿಸಿಲಿದೆ, ಕಾಯಿಸುವ ತಾಪತ್ರಯವಿಲ್ಲ ಎಂದು ಒಮ್ಮೆ ಹೇಳಿದ. ಅದನ್ನು ಇಳಿಸಿಕೊಡಲೇ ಎಂದರೆ ಬೇಡ ಎಂದ.

ಸೀರೀಸ್ ಬಂದದ್ದು ಜನವರಿಯಲ್ಲಿ. ನಾನು ನೋಡಿದ್ದು ಮಧ್ಯಾಹ್ನ, ನೆರೂಳಿನ ಮನೆಯಲ್ಲಿ, ರಘು ಕೆಲಸಕ್ಕೆ ಹೋದ ಮೇಲೆ. ಮೊದಲ ಕಂತಿನ ಮೊದಲ ದೃಶ್ಯದಲ್ಲೇ ಅದಿತ್ತು. ವಿಕ್ರಾಂತ್ ಪೆನ್‌ಡ್ರೈವಿನಲ್ಲಿ ಒಯ್ದದ್ದನ್ನೇ ಬಳಸಿದ್ದ. ಸಾಲದ್ದಕ್ಕೆ ಯಾರ ಕೈಯಿಂದಲೋ ಇನ್ನೂ ಒಂದು ಪದರ ಡಿಸ್ಟಾರ್ಷನ್ ಹಾಕಿಸಿ, ಬಾಲವನ್ನು ಮತ್ತಷ್ಟು ಎತ್ತರಿಸಿದ್ದ. ಪರದೆಯ ಮೇಲೆ ಒಬ್ಬ ನಟ ಚಾಕು ಹಿಡಿದು ಕತ್ತಲಲ್ಲಿ ನಿಂತಿದ್ದ. ಅವನ ಬಾಯಿ ಮುಚ್ಚಿತ್ತು, ಕೇಳುತ್ತಿದ್ದದ್ದು ಈರಣ್ಣನ ಉಸಿರು. ವಿಕ್ರಾಂತನಿಗೆ ಫೋನ್ ಮಾಡಿದೆ, ಮೆಸೇಜ್ ಹಾಕಿದೆ. ಮೂರನೆಯ ದಿನ ಅವನ ಸಹಾಯಕಿ, ಆ ಹೊತ್ತಿಗಾಗಲೇ ಎಡಿಟಿಂಗ್ ಮುಗಿದು ಲಾಕ್ ಆಗಿತ್ತು, ಬದಲಾಯಿಸಲು ಆಗಲಿಲ್ಲ, ಸರ್ ಕ್ಷಮೆ ಕೇಳಿದ್ದಾರೆ ಎಂದಳು. ಕೆಲವೆಡೆ ಆ ಸದ್ದನ್ನು ಹೊಗಳಿಯೂ ಬರೆದರು. ನಿತಿನ್ ಅದನ್ನು ನನಗೆ ತೋರಿಸಲಿಲ್ಲ, ಬೇರೆಯವರಿಂದ ಗೊತ್ತಾಯಿತು. ಆ ಏಪ್ರಿಲಿಗೆ ನಾವು ಸ್ಟುಡಿಯೋ ಬಿಟ್ಟುಕೊಟ್ಟೆವು. ಅದಕ್ಕೆ ಬೇರೆ ಕಾರಣಗಳೂ ಇದ್ದವು.

ಪೂಜಾ ಅದನ್ನು ಗೆಳತಿಯ ಫೋನಿನಲ್ಲಿ ನೋಡಿದ್ದಳು. ಕ್ಲಾಸಿನಲ್ಲಿ ಎಲ್ಲರೂ ಅದೇ ಮಾತಾಡುತ್ತಿದ್ದರಂತೆ. ಇಯರ್‌ಫೋನ್ ಕಿತ್ತುಹಾಕಿ ಎದ್ದು ಬಂದಳೆಂದು ನೀಲವ್ವ ಹೇಳಿದಳು. ಈರಣ್ಣನಿಗೆ ಹೇಳುವುದು ಬೇಡವೆಂದು ತಾಯಿ ಮಗಳು ನಿರ್ಧರಿಸಿದ್ದರು, ಆದರೆ ಚಾಳಿನಲ್ಲಿ ಯಾವ ಸುದ್ದಿಯೂ ಬಾಗಿಲಾಚೆ ನಿಲ್ಲುವುದಿಲ್ಲ. ಮುಂದಿನ ಸಲ ನಾನು ಹೋದಾಗ ಅವನೇ ಕೇಳಿದ. ತೋರಿಸಿ ಎಂದ. ಆಗಲಿಲ್ಲ ಈರಣ್ಣ, ಅದನ್ನು ತೆಗೆಸಲು ನನ್ನಿಂದ ಆಗಲಿಲ್ಲ ಎಂದೆ. ಅದು ಗೊತ್ತದ, ತೋರಿಸ್ರಿ ಎಂದ.

ಫೋನನ್ನು ಅವನ ಮೊಣಕಾಲ ಮೇಲಿಟ್ಟು ಹಾಕಿದೆ. ಯಂತ್ರ ಗುರುಗುಡುತ್ತಿತ್ತು, ಮೂಗಿನಲ್ಲಿ ಕೊಳವೆಯಿತ್ತು. ಫೋನಿನ ಸಣ್ಣ ಸ್ಪೀಕರಿನಲ್ಲಿ ಹಲಗೆಯ ದಪ್ಪ ಸದ್ದು ಬರುವುದಿಲ್ಲ; ಬರುವುದು ಮೊನೆ ಮಾತ್ರ, ಮತ್ತೆ ಆ ಉಸಿರು. ನೀಲವ್ವ ಎದ್ದು ಹೊರಗೆ ಹೋದಳು. ಈರಣ್ಣ ಪರದೆಯ ಮೇಲಿನ ನಟನನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದ. ದೃಶ್ಯ ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಒಂದೊಂದೇ ಪದ ಜೋಡಿಸಿ ಹೇಳಿದ.

“ಛಲೋ ಬಾರ್ಸೀನಿ. ಉಸುರೊಂದು ತಾಳ ತಪ್ಪ್ಯಾದ.”

ಅದು ಅವನು ನನ್ನ ಮುಂದೆ ಹಲಗೆಯ ಬಗ್ಗೆ ಆಡಿದ ಕಡೆಯ ಮಾತು. ಹೋಳಿ ಕಳೆದು ಸೆಕೆ ಏರುತ್ತಿದ್ದ ಒಂದು ಬೆಳಿಗ್ಗೆ, ಕರೆಂಟು ಹೋಗಿ ಯಂತ್ರ ನಿಂತದ್ದಕ್ಕೆ ಗಾಬರಿಯಾಗಿ ನೀಲವ್ವ ಪಕ್ಕದ ಮನೆಯವರನ್ನು ಕರೆದಳು. ಸಿಲಿಂಡರ್ ತಂದರು, ಕರೆಂಟೂ ಬಂತು. ಅವನು ಅದರಿಂದ ಹೋಗಲಿಲ್ಲ. ಮಧ್ಯಾಹ್ನ ಎರಡು ತುತ್ತು ಅನ್ನ ಉಂಡು, ಗೋಡೆಗೆ ಬೆನ್ನು ಹಚ್ಚಿ ಕೂತವನು ಹಾಗೇ ಹೋದ. ಪೂಜಾ ಪಕ್ಕದಲ್ಲೇ ಕೂತು ಮಕ್ಕಳ ಉತ್ತರ ತಿದ್ದುತ್ತಿದ್ದಳಂತೆ. ಯಂತ್ರದ ಸದ್ದಿನಲ್ಲಿ ಅವಳಿಗೆ ಗೊತ್ತಾಗಲಿಲ್ಲ.

ತಿಂಗಳ ಮೇಲೆ ನೀಲವ್ವ ನನಗೆ ಫೋನ್ ಮಾಡಿ, ಅವರ ಹಲಗೆ ಒಂದಿಷ್ಟು ನನ್ನ ಮೊಬೈಲಿಗೆ ಹಾಕಿಕೊಡಿ ಎಂದು ಕೇಳಿದಳು. ಯಾವುದು ಬೇಕು ಎಂದೆ. ಉಸಿರು ಇಲ್ಲದ್ದು ಎಂದಳು. ರಾತ್ರಿಯೆಲ್ಲ ಎಚ್ಚರಿದ್ದು ಕೇಳಿದ್ದೇನೆ ಅಕ್ಕಾರ, ಅದು ಮತ್ತೆ ಬೇಡ ಎಂದಳು. ಕಂಪ್ಯೂಟರು ಆಗ ನೆರೂಳಿನ ಮನೆಗೆ ಬಂದಿತ್ತು. ನಾನು ಜೂನಿನ ಮೊದಲ ಭಾನುವಾರದ್ದನ್ನು ತೆರೆದು ಕೂತೆ. ಆ ದಿನದ ಉಸಿರು ಚೆನ್ನಾಗಿಯೇ ಇತ್ತು, ಆದರೂ ಕೇಳಿದವಳ ಮಾತಿನಂತೆ ಅದನ್ನೂ ತೆಗೆದೆ. ಡಿಸ್ಟಾರ್ಷನ್ ಏನೂ ಹಾಕಲಿಲ್ಲ. ಬಾಲವನ್ನು ಇಳಿಸುತ್ತ ಇಳಿಸುತ್ತ ಬಂದೆ, ಉಸಿರಿನ ಜೊತೆ ಕೋಣೆಯೂ ಹೋಯಿತು, ಸ್ಪಂಜಿನ ಗೋಡೆಗಳೂ ಹೋದವು. ಕಡೆಗೆ ಬರೀ ಕೋಲು ಚರ್ಮಕ್ಕೆ ತಾಗುವ ಕ್ಷಣಗಳು ಉಳಿದವು. ಅವುಗಳ ನಡುವೆ ಏನೂ ಇರಲಿಲ್ಲ. ಮಿಕ್ಸ್ ಮಾಡುವವಳಾಗಿ ನನಗೆ ಅದು ಸತ್ತ ಸದ್ದು. ಯಾರಿಗೂ ಹಾಗೆ ಕೊಡುವವಳಲ್ಲ ನಾನು.

ತೆಗೆದುಕೊಂಡು ಚಾಳಿಗೆ ಹೋದೆ. ನೀಲವ್ವ ಆಗಷ್ಟೇ ಕೆಲಸದಿಂದ ಬಂದಿದ್ದಳು, ಕೈಯಲ್ಲಿ ಮೆಂತ್ಯದ ಕಂಪಿತ್ತು. ಕಟ್ಟೆಯ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ನಾನು ಅವಳ ಮುಖ ನೋಡುತ್ತ ನಿಂತಿದ್ದೆ. ಅವಳು ಅಳಲಿಲ್ಲ. ಮುಗಿದ ಮೇಲೆ ಫೋನ್ ಇಳಿಸಿ, “ಇದ್ರಾಗ ಅವ್ರು ಆರಾಮ್ ಅದಾರ,” ಎಂದಳು.

ಚಹಾ ಕುಡಿದು ಹೊರಟೆ. ಪೂಜಾ ರಸ್ತೆಯವರೆಗೆ ಕಳಿಸಲು ಬಂದಳು. ನಾನು ರಿಕ್ಷಾ ಹತ್ತಿ ಕೂತ ಮೇಲೆ ಒಳಗೆ ಬಾಗಿ, ಅಮ್ಮನಿಗೆ ಕೇಳಿಸದಷ್ಟು ದೂರ ಬಂದಿದ್ದರೂ, ಸಣ್ಣ ದನಿಯಲ್ಲಿ ಹೇಳಿದಳು.

“ದೀದಿ, ಮುಝೆ ವೋ ದೂಸ್ರಾ ವಾಲಾ ಭೇಜ್ ದೇನಾ. ಅಗಸ್ಟ್ ವಾಲಾ. ಜಿಸ್ ಮೇ ಪಪ್ಪಾ ಸಾಂಸ್ ಲೇ ರಹೇ ಹೈ.”

ಅಪ್ಪ ಉಸಿರಾಡುತ್ತಿರುವುದು ಬೇಕು ಎಂದು ಕೇಳಿದ್ದಳು. ಆ ಸಂಜೆಯೇ ಕಳಿಸಿದೆ, ಏನನ್ನೂ ಏರಿಸದೆ, ಏನನ್ನೂ ಇಳಿಸದೆ.